ಚಿಕುನ್‌ಗುನ್ಯಾ, ಕೋವಿಡ್ ಬಿಟ್ಟುಹೋದ ತೊಂದರೆಗಳಿಗೆ ಕಷಾಯ, ಎಣ್ಣೆ, ಪ್ರಾಣಾಯಾಮ: ಯಾವುದನ್ನು ನೆಚ್ಚಬಹುದು?

ಪ್ರಶ್ನೆ (ಬೇಲೂರು ತಾಲ್ಲೂಕಿನ ಶಿಕ್ಷಕಿ)

ಎಲ್ಲರಿಗೂ ನಮಸ್ಕಾರ. ಕಳೆದ ಮಳೆಗಾಲದ ಕೊನೆಯಲ್ಲಿ ನನಗೆ ಚಿಕುನ್‌ಗುನ್ಯಾ ಬಂದಿತ್ತು. ರಕ್ತಪರೀಕ್ಷೆಯಲ್ಲಿ ಅದು ಖಚಿತವೂ ಆಯಿತು. ಜ್ವರ ವಾರದೊಳಗೆ ಇಳಿಯಿತು, ಆದರೆ ಕೀಲುನೋವು ಇಂದಿಗೂ ಬಿಟ್ಟಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಬೆರಳುಗಳು ಮಡಚುವುದಿಲ್ಲ, ಮುಂಗೈ ಗಂಟುಗಳು ಊದಿಕೊಂಡು ಬಿಸಿಯಾಗಿರುತ್ತವೆ, ಸೀಮೆಸುಣ್ಣ ಹಿಡಿದು ಎರಡು ಸಾಲು ಬರೆದರೆ ಕೈ ಸೋತುಹೋಗುತ್ತದೆ. ಇದಕ್ಕಿಂತ ಹೆಚ್ಚು ಕಾಡುವುದು ಸುಸ್ತು. ಒಂದು ದಿನ ಸ್ವಲ್ಪ ಹುಷಾರಾಗಿದ್ದೇನೆಂದು ಮನೆಗೆಲಸ, ಶಾಲೆಯ ಕೆಲಸ ಎರಡನ್ನೂ ಮುಗಿಸಿದರೆ ಮರುದಿನವೋ ಅದರ ಮರುದಿನವೋ ಹಾಸಿಗೆಯಿಂದ ಏಳಲಾಗುವುದಿಲ್ಲ.

ನಮ್ಮ ಮನೆಯಲ್ಲಿ ಇನ್ನೊಬ್ಬರಿಗೂ ಇಂಥದೇ ಪಾಡು. ನನ್ನ ಮೈದುನ ಚಿಕ್ಕಮಗಳೂರಿನಲ್ಲಿ ಕಾಫಿ ಸಂಸ್ಕರಣೆಯ ಕೆಲಸದಲ್ಲಿದ್ದಾರೆ. ಕೋವಿಡ್ ಬಂದು ಹೋದ ಮೇಲೆ ಅವರ ಮೂಗು ಸರಿಹೋಗಿಲ್ಲ. ಮೊದಲು ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಈಗ ಹುರಿದ ಕಾಫಿಯೇ ಕೊಳೆತಂತೆ, ಸುಟ್ಟ ರಬ್ಬರಿನಂತೆ ನಾರುತ್ತದೆ ಎನ್ನುತ್ತಾರೆ. ಈರುಳ್ಳಿ ಒಗ್ಗರಣೆಗೂ ಅಷ್ಟೆ, ಊಟ ಬಿಟ್ಟು ಏಳುತ್ತಾರೆ.

ನೆಂಟರು, ನೆರೆಹೊರೆಯವರು, ತೋಟದ ಕಡೆಯವರು ಎಲ್ಲರೂ ಪ್ರೀತಿಯಿಂದಲೇ ಒಂದೊಂದು ಮದ್ದು ಹೇಳಿದ್ದಾರೆ. ಅಮೃತಬಳ್ಳಿ ಕಷಾಯ, ಅಶ್ವಗಂಧ, ಕಾಳುಮೆಣಸು ಶುಂಠಿ ಜ್ಯೇಷ್ಠಮಧು ಸೇರಿಸಿದ ಪುಡಿ, ಸಂತೆಯಲ್ಲಿ ಸಿಗುವ ಹೆಸರಿಲ್ಲದ ಕೀಲುನೋವಿನ ಗುಳಿಗೆ, ಪಂಚಕರ್ಮ, ಹೋಮಿಯೋಪಥಿ, ಅಕ್ಯುಪಂಕ್ಚರ್, ಸೂರ್ಯನಮಸ್ಕಾರ. ಮೈದುನ ಆಯುಷ್-64 ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದಾರೆ. ನಾನು ಥೈರಾಯ್ಡ್ ಮಾತ್ರೆ ನುಂಗುವವಳು. ಇವುಗಳಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುವುದು ಯಾವುದು, ಅಪಾಯ ತರುವುದು ಯಾವುದು? ಬಲ್ಲವರು ತಿಳಿಸಬೇಕು.

ಉತ್ತರ 1 (ಹಾಸನದ ಆಯುರ್ವೇದ ವೈದ್ಯರು)

ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ. ನನ್ನ ಮೊದಲ ಸಲಹೆ ಇದು: ನಿಮ್ಮ ತೊಂದರೆ ಬೇರೆ, ಮೈದುನರ ತೊಂದರೆ ಬೇರೆ. ನಿಮ್ಮದರಲ್ಲೂ ಕೀಲಿನ ಊತ ಒಂದು, ಮರುದಿನ ಮಲಗಿಸುವ ಸುಸ್ತು ಇನ್ನೊಂದು. ‘ವೈರಲ್ ಜ್ವರದ ನಂತರದ ನಿಶ್ಶಕ್ತಿ’ ಎಂಬ ಒಂದೇ ಹೆಸರಿನ ಕೆಳಗೆ ಇವೆಲ್ಲವನ್ನೂ ಸೇರಿಸಿ ಮನೆಮಂದಿಗೆಲ್ಲ ಒಂದೇ ಪಾತ್ರೆಯ ಕಷಾಯ ಕೊಡುವುದರಿಂದ ಫಲವೂ ಸಿಗುವುದಿಲ್ಲ, ಯಾವುದರಿಂದ ಏನಾಯಿತೆಂದೂ ತಿಳಿಯುವುದಿಲ್ಲ.

ಕೀಲಿನ ವಿಷಯಕ್ಕೆ ಬರುತ್ತೇನೆ. ಚಿಕುನ್‌ಗುನ್ಯಾ ಎಂದೊಡನೆ ಎಣ್ಣೆ ಹಚ್ಚಿ ತಿಕ್ಕುವುದು ನಮ್ಮ ಕಡೆಯ ರೂಢಿ. ಗಂಟು ಊದಿ, ಮುಟ್ಟಿದರೆ ಬಿಸಿಯಾಗಿರುವಾಗ ಅದನ್ನು ಮಾಡಬಾರದು. ಇಂಥ ಸ್ಥಿತಿಯನ್ನು ನಾವು ಆಮವಾತದಂತೆ (ಕೀಲುಗಳು ಊದಿ ನೋಯುವ ವಾತರೋಗ) ನೋಡುತ್ತೇವೆ, ಅಲ್ಲಿ ಎಣ್ಣೆಗಿಂತ ಒಣ ಶಾಖಕ್ಕೆ, ಅಂದರೆ ವಾಲುಕಾ ಸ್ವೇದಕ್ಕೆ, ಪ್ರಾಶಸ್ತ್ಯ. ತೊಳೆದು ಒಣಗಿಸಿದ ನುಣುಪು ಮರಳನ್ನು ಬಾಣಲೆಯಲ್ಲಿ ಬಿಸಿ ಮಾಡಿ, ದಪ್ಪ ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿ, ಮೊದಲು ನಿಮ್ಮ ಮೊಣಕೈ ಒಳಭಾಗಕ್ಕೆ ತಾಗಿಸಿ ನೋಡಿ. ಅಲ್ಲಿ ಹಿತವೆನಿಸಿದರೆ ಮಾತ್ರ ಗಂಟುಗಳ ಮೇಲೆ ಒತ್ತದೆ ಸರಿಸುತ್ತಾ ಹೋಗಿ. ಸಕ್ಕರೆ ಕಾಯಿಲೆಯಿಂದ ಸ್ಪರ್ಶಜ್ಞಾನ ಕಡಿಮೆಯಾದವರು ಇದನ್ನು ಮಾಡಲೇಬಾರದು, ಚರ್ಮ ಸುಟ್ಟರೂ ಅವರಿಗೆ ಅರಿವಾಗುವುದಿಲ್ಲ. ಊತ ಇಳಿದು ಬರೀ ಬಿಗಿತ ಉಳಿದ ಮೇಲೆ ಧನ್ವಂತರ ತೈಲ ಅಥವಾ ಕೊಟ್ಟಂಚುಕ್ಕಾದಿ ತೈಲವನ್ನು ಬೆಚ್ಚಗೆ ಮಾಡಿ ಹಗುರವಾಗಿ ಹಚ್ಚಬಹುದು. ಇದರಿಂದ ನೋವು ಸ್ವಲ್ಪ ಶಮನವಾಗುತ್ತದೆ, ನಿದ್ರೆ ಬರುತ್ತದೆ. ರೋಗದ ಮೂಲವನ್ನು ಇದು ಕೀಳುತ್ತದೆಂದು ನಾನು ಯಾರಿಗೂ ಹೇಳುವುದಿಲ್ಲ.

ಇನ್ನು ಒಳಗೆ ಸೇವಿಸುವ ಮದ್ದುಗಳು. ಅಮೃತಬಳ್ಳಿಯನ್ನು ನಾನೂ ಬರೆಯುತ್ತೇನೆ, ಆದರೆ ತಿಂಗಳುಗಟ್ಟಲೆ ಯಾರ ನಿಗಾವೂ ಇಲ್ಲದೆ ಕುಡಿಯಲು ಬಿಡುವುದಿಲ್ಲ. ಕೋವಿಡ್ ಕಾಲದಲ್ಲಿ ಇದನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದುದನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಅದು ಅಮೃತಬಳ್ಳಿಯೇ ಅಲ್ಲದೆ ಅದೇ ಜಾತಿಯ ಬೇರೊಂದು ಬಳ್ಳಿ ಇರಬಹುದೆಂದು ಆಯುಷ್ ಸಚಿವಾಲಯ ಆಕ್ಷೇಪಿಸಿತು. ವಾದ ಏನೇ ಇರಲಿ, ಬೇಲಿಯಿಂದ ಕಿತ್ತು ತಂದ ಬಳ್ಳಿ ಯಾವುದೆಂದು ಗುರುತಿಸಲಾರದವರಿಗೆ ಆ ಆಕ್ಷೇಪವೇ ಎಚ್ಚರಿಕೆಯಾಗಬೇಕು. ಮೂತ್ರ ಕಡುಹಳದಿಯಾದರೆ, ಕಣ್ಣು ಹಳದಿಯಾದರೆ, ಊಟ ಸೇರದೆ ವಾಕರಿಕೆ ಬಂದರೆ ಅಂದೇ ನಿಲ್ಲಿಸಿ ಯಕೃತ್ತಿನ ಪರೀಕ್ಷೆ ಮಾಡಿಸಿ.

ಅಶ್ವಗಂಧವನ್ನು ನೀವು ಈಗ ಮುಟ್ಟಬೇಡಿ. ಅದು ಥೈರಾಯ್ಡ್ ಹಾರ್ಮೋನಿನ ಮಟ್ಟವನ್ನು ಏರಿಸಬಲ್ಲದು. ನೀವು ಈಗಾಗಲೇ ಮಾತ್ರೆಯಲ್ಲಿದ್ದೀರಿ. ಎದೆ ಹೊಡೆದುಕೊಳ್ಳುವುದು, ನಡುಕ, ನಿದ್ರಾಹೀನತೆ ಶುರುವಾದರೆ ಅದು ವೈರಸ್ಸಿನ ಉಳಿಕೆಯೋ ಮದ್ದಿನ ಫಲವೋ ಹೇಳಲಾಗದು. ಜ್ಯೇಷ್ಠಮಧು ಹೆಚ್ಚಾದರೆ ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಕಾಳುಮೆಣಸಿನ ಪೈಪೆರಿನ್ ಕೆಲವು ಔಷಧಿಗಳನ್ನು ದೇಹ ಕರಗಿಸುವ ವೇಗವನ್ನು ತಗ್ಗಿಸುತ್ತದೆ. ಸಾರಿಗೆ ಹಾಕುವ ನಾಲ್ಕು ಕಾಳಿನಿಂದ ಏನೂ ಆಗದು, ಚಮಚಗಟ್ಟಲೆ ಪುಡಿ ಬೇರೆ ಮಾತು.

ಸಂತೆಯ ಗುಳಿಗೆಯನ್ನು ಕುರಿತು ಮಾತ್ರ ಕಟುವಾಗಿ ಹೇಳಬೇಕಾಗಿದೆ. ಹೆಸರು, ಘಟಕಗಳ ಪಟ್ಟಿ, ತಯಾರಿಕಾ ಪರವಾನಗಿ ಸಂಖ್ಯೆ ಇಲ್ಲದ ಕೀಲುನೋವಿನ ಮದ್ದುಗಳಲ್ಲಿ ಡೆಕ್ಸಾಮೆಥಸೋನ್‌ನಂತಹ ಸ್ಟಿರಾಯ್ಡ್ ಬೆರೆಸಿರುವುದು ಹಲವೆಡೆ ಪತ್ತೆಯಾಗಿದೆ. ‘ಎರಡೇ ದಿನದಲ್ಲಿ ನೋವು ಮಾಯ’ ಎಂದರೆ ಅನುಮಾನಿಸಿ. ತಿಂಗಳುಗಟ್ಟಲೆ ತಿಂದಿದ್ದರೆ ಒಮ್ಮೆಲೇ ಬಿಡುವುದೂ ಅಪಾಯ. ವೈದ್ಯರಿಗೆ ತೋರಿಸಿ, ಅವರು ಹೇಳಿದಂತೆ ಬಿಡಬೇಕು.

ಪಂಚಕರ್ಮ ಸದ್ಯಕ್ಕೆ ಬೇಡ. ಬಲವಿಲ್ಲದ ದೇಹಕ್ಕೆ ವಮನ (ವಾಂತಿ ಮಾಡಿಸುವುದು), ವಿರೇಚನ (ಭೇದಿ ಮಾಡಿಸುವುದು) ಕೊಡುವುದು ನಮ್ಮ ಶಾಸ್ತ್ರಕ್ಕೇ ವಿರುದ್ಧ. ಚರಕಸಂಹಿತೆಯ ಜ್ವರಚಿಕಿತ್ಸೆಯ ಅಧ್ಯಾಯವು, ಜ್ವರ ಬಿಟ್ಟವನು ಬಲ ಮರಳುವವರೆಗೆ ವ್ಯಾಯಾಮವನ್ನೂ ಓಡಾಟವನ್ನೂ ಮಾಡಬಾರದೆಂದು ಸ್ಪಷ್ಟವಾಗಿ ವಿಧಿಸುತ್ತದೆ. ಜನ ನಮ್ಮಲ್ಲಿಗೆ ಲೇಹ್ಯ ಕೇಳಿಕೊಂಡು ಬರುತ್ತಾರೆ, ಈ ಪಥ್ಯವನ್ನು ಮಾತ್ರ ಯಾರೂ ಕೇಳುವುದಿಲ್ಲ. ನಿಮ್ಮ ಸುಸ್ತಿಗೆ ಇದಕ್ಕಿಂತ ದೊಡ್ಡ ಮದ್ದು ನನ್ನ ಬಳಿ ಇಲ್ಲ.

ಉತ್ತರ 2 (ಚಿಕ್ಕಮಗಳೂರಿನ ಕಾಫಿ ರುಚಿಪರೀಕ್ಷಕರು)

ನಿಮ್ಮ ಮೈದುನರ ಸ್ಥಿತಿ ನನಗೆ ಚೆನ್ನಾಗಿ ಅರ್ಥವಾಗುತ್ತದೆ, ಏಕೆಂದರೆ ಕೋವಿಡ್ ನಂತರ ನಾನೂ ಅದೇ ದಾರಿಯಲ್ಲಿ ನಡೆದು ಬಂದವನು. ಬಟ್ಟಲಿನ ಮೇಲೆ ಬಾಗಿ ವಾಸನೆ ಹೀರಿ, ಚಮಚದಲ್ಲಿ ಸುರ್ರೆಂದು ಎಳೆದು ಗುಣ ಹೇಳುವುದೇ ಹೊಟ್ಟೆಪಾಡಾಗಿರುವಾಗ, ಅರೇಬಿಕಾ ಯಾವುದು ರೊಬಸ್ಟಾ ಯಾವುದು ಎಂದೂ ತಿಳಿಯದಂತಾಗುವುದು ಬಹಳ ಹೆದರಿಸುತ್ತದೆ. ಅವರಿಗೆ ಮೊದಲು ಧೈರ್ಯ ಹೇಳಿ. ವಾಸನೆ ವಿಕೃತವಾಗಿ ಬರುವುದನ್ನು ಪರೋಸ್ಮಿಯಾ ಎನ್ನುತ್ತಾರೆ. ಏನೂ ತಿಳಿಯದಿದ್ದ ಮೂಗಿಗೆ ಹೀಗಾಗುವುದು ಎಷ್ಟೋ ಸಲ ನರತಂತುಗಳು ಮತ್ತೆ ಬೆಳೆಯುತ್ತಿರುವುದರ ಸೂಚನೆ.

ಕಾಫಿಯೇ ಏಕೆ ನಾರುತ್ತದೆ ಎಂಬುದಕ್ಕೂ ಕಾರಣವಿದೆ. ಹುರಿದ ಕಾಫಿಯ ಪರಿಮಳಕ್ಕೆ ಕಾರಣವಾದ ಗಂಧಕಯುಕ್ತ ವಸ್ತುಗಳಲ್ಲಿ 2-ಫ್ಯುರಾನ್‌ಮೀಥೇನ್‌ಥಯಾಲ್ ಮುಖ್ಯವಾದದ್ದು. ಪರೋಸ್ಮಿಯಾ ಇರುವವರಲ್ಲಿ ಅಸಹ್ಯ ಹುಟ್ಟಿಸುವ ವಸ್ತುಗಳಲ್ಲಿ ಇದೇ ಮುಂಚೂಣಿಯಲ್ಲಿರುವುದನ್ನು ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದಾರೆ. ಈರುಳ್ಳಿ, ಬೆಳ್ಳುಳ್ಳಿಗಳಲ್ಲೂ ಗಂಧಕದ ಸಂಯುಕ್ತಗಳಿವೆ. ಆದ್ದರಿಂದ ಸದ್ಯಕ್ಕೆ ಅವರ ತಟ್ಟೆಗೆ ಒಗ್ಗರಣೆಯಿಲ್ಲದ ಮೊಸರನ್ನ, ಇಡ್ಲಿ, ತಣ್ಣಗಾದ ಅಡುಗೆ ಬಡಿಸಿ; ಬಿಸಿ ಹಬೆಯಲ್ಲಿ ವಾಸನೆ ಹೆಚ್ಚು ಏರುತ್ತದೆ.

ಔಷಧಿಯಲ್ಲದ ಚಿಕಿತ್ಸೆಗಳಲ್ಲಿ ಮೂಗಿನ ತರಬೇತಿಗೆ ಮಾತ್ರ ಒಂದಷ್ಟು ಗಟ್ಟಿಯಾದ ಆಧಾರವಿದೆ. ಜರ್ಮನಿಯ ಡ್ರೆಸ್ಡೆನ್‌ನ ಥಾಮಸ್ ಹುಮೆಲ್ ಮತ್ತು ಅವರ ಸಹೋದ್ಯೋಗಿಗಳು 2009ರಲ್ಲಿ ಪ್ರಕಟಿಸಿದ ಪದ್ಧತಿ ಇದು: ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಈ ನಾಲ್ಕು ವಾಸನೆಗಳನ್ನು ದಿನಕ್ಕೆ ಎರಡು ಬಾರಿ, ಕನಿಷ್ಠ 12 ವಾರಗಳ ಕಾಲ ಮೂಸಬೇಕು. ಪ್ರತಿಯೊಂದನ್ನೂ ಸುಮಾರು 10ರಿಂದ 20 ಸೆಕೆಂಡು, ಮೊಲದಂತೆ ಪುಟ್ಟ ಪುಟ್ಟ ಉಸಿರುಗಳಲ್ಲಿ ಎಳೆದುಕೊಂಡು, ಆ ವಾಸನೆ ಮೊದಲು ಹೇಗಿತ್ತೆಂಬುದನ್ನು ಮನಸ್ಸಿಟ್ಟು ನೆನೆಯಬೇಕು. ನಾನು ನಾಲ್ಕು ಸಣ್ಣ ಸೀಸೆಗಳಲ್ಲಿ ಹತ್ತಿಯ ಮೇಲೆ ಎಣ್ಣೆ ಹಾಕಿ ಇಟ್ಟುಕೊಂಡಿದ್ದೆ. ನಂತರ ತೋಟದ ಏಲಕ್ಕಿಯನ್ನೂ ಸೇರಿಸಿದೆ. ಲವಂಗ ಮೊದಲು ಕೇವಲ ಚುಚ್ಚಿದಂತೆ ಅನಿಸುತ್ತಿತ್ತು, ಬಹಳ ದಿನಗಳ ಮೇಲೆ ಅದರ ಸಿಹಿ ಅಂಚು ತಿಳಿಯಿತು. ನನ್ನ ಮೂಗು ಇನ್ನೂ ಮೊದಲಿನಷ್ಟು ಸೂಕ್ಷ್ಮವಾಗಿಲ್ಲ, ಆದರೆ ಕೆಲಸಕ್ಕೆ ಮರಳಿದ್ದೇನೆ. ತಾನಾಗಿಯೇ ಎಷ್ಟು ವಾಸಿಯಾಯಿತು, ತರಬೇತಿಯಿಂದ ಎಷ್ಟು ಎಂದು ಬೇರ್ಪಡಿಸಿ ಹೇಳಲಾರೆ. ಖರ್ಚಿಲ್ಲ, ಅಪಾಯವಿಲ್ಲ ಎಂಬುದಂತೂ ಸತ್ಯ.

ಹಬೆ ತೆಗೆದುಕೊಳ್ಳುವುದರಿಂದ ವಾಸನೆ ಮರಳುವುದಿಲ್ಲ, ಮುಖ ಸುಟ್ಟುಕೊಂಡವರನ್ನು ಮಾತ್ರ ನೋಡಿದ್ದೇನೆ. ಆಯುಷ್-64 ಕುರಿತು ಒಂದು ಮಾತು: ಅದು ಸಪ್ತಪರ್ಣ, ಕಟುಕಿ, ಕಿರಾತತಿಕ್ತ, ಕುಬೇರಾಕ್ಷ ಸೇರಿಸಿ 1980ರಲ್ಲಿ ಮಲೇರಿಯಾಕ್ಕೆಂದು ರೂಪಿಸಿದ ಮಾತ್ರೆ, 2021ರಲ್ಲಿ ಕೋವಿಡ್‌ನ ಸೌಮ್ಯ ಹಂತಕ್ಕೆ ಶಿಫಾರಸಾಯಿತು. ಸೋಂಕು ಹೋದ ಮೇಲೆ ಮೂಗಿಗಾಗಿ ಅದನ್ನು ಮುಂದುವರಿಸಲು ಕಾರಣ ನನಗೆ ಕಾಣುತ್ತಿಲ್ಲ. ಮನೆಯಲ್ಲಿ ಗ್ಯಾಸ್ ಸೋರಿದರೆ ಅವರಿಗೆ ತಿಳಿಯದು ಎಂಬುದನ್ನೂ ಮರೆಯಬೇಡಿ.

ಉತ್ತರ 3 (ಸಕಲೇಶಪುರದ ವೈದ್ಯರು, ಸಾಮಾನ್ಯ ವೈದ್ಯಶಾಸ್ತ್ರ)

ಆಯುರ್ವೇದದ ಸ್ನೇಹಿತರು ಹೇಳಿದ್ದರಲ್ಲಿ ಬಹುಪಾಲು ನನಗೆ ಒಪ್ಪಿಗೆ. ಒಂದು ಮುಖ್ಯ ವಿಷಯ ಸೇರಿಸುತ್ತೇನೆ. ಚಿಕುನ್‌ಗುನ್ಯಾದ ಕೀಲುನೋವು ಮೂರು ತಿಂಗಳು ದಾಟಿದರೆ ಅದನ್ನು ದೀರ್ಘಕಾಲೀನ ಹಂತವೆಂದು ಪರಿಗಣಿಸುತ್ತೇವೆ. ಬೆಳಗಿನ ಬಿಗಿತ, ಊತ, ಬಿಸಿ ಮೂರೂ ಇದ್ದರೆ ‘ಜ್ವರದ ಉಳಿಕೆ, ತಾನಾಗಿ ಹೋಗುತ್ತದೆ’ ಎಂದು ಕಾಯಬಾರದು. ಕೀಲುರೋಗ ತಜ್ಞರನ್ನು ಕಾಣಬೇಕು. ರುಮಟಾಯ್ಡ್ ಸಂಧಿವಾತವೂ ಹೀಗೆಯೇ ಕಾಣಿಸಿಕೊಳ್ಳುತ್ತದೆ. ಅದನ್ನು ಬೇರ್ಪಡಿಸಲು ಆ್ಯಂಟಿ-ಸಿಸಿಪಿ ಎಂಬ ರಕ್ತಪರೀಕ್ಷೆ ನೆರವಾಗುತ್ತದೆ; ಇಎಸ್ಆರ್, ಸಿಆರ್‌ಪಿ ಪರೀಕ್ಷೆಗಳು ಉರಿಯೂತ ಎಷ್ಟಿದೆಯೆಂದು ತಿಳಿಸುತ್ತವೆ. ಅಗತ್ಯವಿದ್ದರೆ ಹೈಡ್ರಾಕ್ಸಿಕ್ಲೋರೋಕ್ವಿನ್ ಅಥವಾ ಮೆಥೋಟ್ರೆಕ್ಸೇಟ್ ಕೊಡುತ್ತಾರೆ. ಮೆಥೋಟ್ರೆಕ್ಸೇಟ್ ಸ್ವತಃ ಯಕೃತ್ತಿನ ಮೇಲೆ ಭಾರ ಹಾಕುವ ಔಷಧಿ. ಅದರ ಜೊತೆಗೆ ಗುಟ್ಟಾಗಿ ಕಷಾಯ ನಡೆಸುವುದು ಬಹಳ ಅಪಾಯ. ಬೈಸಿಕೊಳ್ಳುವ ಭಯದಿಂದ ನಮ್ಮೆದುರು ಮನೆಮದ್ದನ್ನು ಮುಚ್ಚಿಡುವ ರೋಗಿಗಳೇ ಹೆಚ್ಚು, ಇದಕ್ಕೆ ನಮ್ಮ ಸಿಡುಕೂ ಕಾರಣ. ನೀವು ಸೇವಿಸುತ್ತಿರುವ ಪ್ರತಿ ಡಬ್ಬಿಯನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಇಡಿ.

ಸುಸ್ತಿಗೆ ಟಿಎಸ್ಎಚ್ (ಥೈರಾಯ್ಡ್ ಪರೀಕ್ಷೆ), ಹಿಮೋಗ್ಲೋಬಿನ್, ಬಿ12, ವಿಟಮಿನ್ ಡಿ, ಸಕ್ಕರೆ ಇಷ್ಟನ್ನು ನೋಡಿಸಿ. ಇವೆಲ್ಲ ಸರಿಯಿದ್ದು, ದುಡಿದ ಮರುದಿನ ಕುಸಿಯುವುದು ಮುಂದುವರಿದರೆ, ಶಕ್ತಿಯ ಮಿತಿಯೊಳಗೆ ಕೆಲಸವನ್ನು ಹಂಚಿಕೊಳ್ಳುವುದೇ ಚಿಕಿತ್ಸೆ. ‘ದಿನಾ ಸ್ವಲ್ಪ ಸ್ವಲ್ಪ ವ್ಯಾಯಾಮ ಹೆಚ್ಚಿಸುತ್ತಾ ಹೋಗಿ’ ಎಂಬ ಹಳೆಯ ಸಲಹೆಯನ್ನು ದೀರ್ಘಕಾಲೀನ ಆಯಾಸದ ರೋಗಿಗಳಿಗೆ ಕೊಡಬಾರದೆಂದು ಚಿಕಿತ್ಸಾ ಮಾರ್ಗಸೂಚಿಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲಿ ತನ್ನ ಮಾರ್ಗಸೂಚಿಯನ್ನೇ ಬದಲಿಸಿತು. ಆದ್ದರಿಂದ ಸೂರ್ಯನಮಸ್ಕಾರ, ಕಪಾಲಭಾತಿ, ಭಸ್ತ್ರಿಕಾ ಬೇಡ. ಮಲಗಿಯೇ ಮಾಡುವ ನಿಧಾನ ಉಸಿರಾಟ, ಕುಂಭಕವಿಲ್ಲದ (ಉಸಿರು ತಡೆದು ಹಿಡಿಯದ) ನಾಡಿಶೋಧನ, ಯೋಗನಿದ್ರೆ ಇವು ಸಾಕು. ಉಸಿರಿನ ತರಬೇತಿಗೆ ಅಲ್ಪಸ್ವಲ್ಪ ಆಧಾರವಿದೆ: ಕೋವಿಡ್ ನಂತರ ಏದುಸಿರು ಉಳಿದವರಿಗೆ ಇಂಗ್ಲಿಷ್ ನ್ಯಾಷನಲ್ ಆಪೆರಾ ಗಾಯಕರು ಲಾಲಿಹಾಡುಗಳ ಮೂಲಕ ಉಸಿರಾಟ ಕಲಿಸಿದ ಕಾರ್ಯಕ್ರಮವೊಂದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮನಸ್ಸಿನ ನೆಮ್ಮದಿಯನ್ನೂ ಸ್ವಲ್ಪ ಮಟ್ಟಿಗೆ ಏದುಸಿರನ್ನೂ ಸುಧಾರಿಸಿತು.

ಅಕ್ಯುಪಂಕ್ಚರ್ ಹಳೆಯ ನೋವಿಗೆ ಕೆಲವರಲ್ಲಿ ಅಷ್ಟಿಷ್ಟು ಉಪಶಮನ ಕೊಡುತ್ತದೆ. ಹೊಸ ಸೂಜಿ ಬಳಸುವ ತರಬೇತಿ ಪಡೆದವರಾದರೆ ಪ್ರಯತ್ನಿಸಬಹುದು. ಹೋಮಿಯೋಪಥಿ ನಿಮ್ಮ ಕೀಲಿಗೆ ಕೆಲಸ ಮಾಡುತ್ತದೆಂದು ನಂಬಲು ನನಗೆ ಆಧಾರ ಸಿಕ್ಕಿಲ್ಲ.

ಪ್ರಶ್ನೆ ಕೇಳಿದವರು

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಸಂತೆಯ ಗುಳಿಗೆಯನ್ನು ನಾನಿನ್ನೂ ತೆರೆದಿರಲಿಲ್ಲ, ತೆರೆಯುವುದೂ ಇಲ್ಲ. ಮುಂದಿನ ವಾರ ಹಾಸನದಲ್ಲಿ ಕೀಲುರೋಗ ತಜ್ಞರನ್ನು ಕಾಣಲು ದಿನ ಗೊತ್ತು ಮಾಡಿಕೊಂಡಿದ್ದೇನೆ. ಮೈದುನ ಗುಲಾಬಿ ಎಣ್ಣೆ ಹುಡುಕುತ್ತಿದ್ದಾರೆ. ಒಂದೇ ಅನುಮಾನ ಉಳಿದಿದೆ: ತಜ್ಞರು ಮಾತ್ರೆ ಆರಂಭಿಸಿದರೆ ಮರಳಿನ ಶಾಖವನ್ನು ನಿಲ್ಲಿಸಬೇಕೇ?

ಉತ್ತರ 1 ಬರೆದವರಿಂದ

ನಿಲ್ಲಿಸಬೇಕಾಗಿಲ್ಲ, ಅದು ಹೊರಗಿನ ಉಪಚಾರ, ಮಾತ್ರೆಗೆ ಅಡ್ಡ ಬರುವುದಿಲ್ಲ. ಆದರೆ ಶಾಖ ಕೊಟ್ಟ ನಂತರ ಊತ ಅಥವಾ ಕೆಂಪು ಹೆಚ್ಚಾದರೆ, ಇಲ್ಲವೇ ಮತ್ತೆ ಜ್ವರ ಬಂದು ಒಂದೇ ಕೀಲು ವಿಪರೀತ ನೋಯತೊಡಗಿದರೆ, ಅದನ್ನು ಕೈಬಿಟ್ಟು ಆ ದಿನವೇ ಆಸ್ಪತ್ರೆಗೆ ಹೋಗಿ. ಆ ಒಂದು ಕೀಲಿನಲ್ಲಿ ಕೀವಿನ ಸೋಂಕು ಇರಬಹುದು, ಅದಕ್ಕೆ ಮನೆಯಲ್ಲಿ ಮಾಡುವ ಉಪಚಾರ ಯಾವುದೂ ಇಲ್ಲ.