ಗಲ್ಲಾಪೆಟ್ಟಿಗೆಯ ಚಿಲ್ಲರೆಯಲ್ಲಿ ಓರೆ ನಾಣ್ಯ: ನಿಮ್ಮ ಪ್ರಶ್ನೆ, ಕ್ಯಾಶಿಯರ್ ಮಾವನ ಉತ್ತರ

(ಉತ್ತರ ಕೊಡುವವರು ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಮೂವತ್ತು ವರ್ಷ ಕೂತವರು. ಈಗ ಶಿರಸಿಯಲ್ಲಿ ನಾಣ್ಯ ನೋಡಿ ಹೇಳುತ್ತಾರೆ.)

ಪ್ರಶ್ನೆ, ಕಾರವಾರ ಕೋಡಿಬಾಗ: ನಮಸ್ಕಾರ ಮಾವ. ನಮ್ಮದು ಕಿರಾಣಿ ಅಂಗಡಿ. ಒಂದು ಹಳದಿ ಐದು ರೂಪಾಯಿ ಬಂದಿದೆ. ಸಿಂಹ ನೆಟ್ಟಗೆ ಹಿಡಿದು ತಿರುಗಿಸಿದರೆ ಹಿಂದಿನ 5 ಓರೆಯಾಗಿ ಕಾಣುತ್ತದೆ. ಖೋಟಾನಾ?

ಉತ್ತರ: ಓರೆ ಅಂದ ಮಾತ್ರಕ್ಕೆ ಖೋಟಾ ಅಲ್ಲ ತಮ್ಮಾ. ಮೊದಲು ಸರಿಯಾಗಿ ನೋಡು. ಹೆಬ್ಬೆರಳು, ತೋರುಬೆರಳಿನಿಂದ ನಾಣ್ಯದ ತಲೆ-ಬುಡ ಹಿಡಿ. ಪುಸ್ತಕದ ಹಾಳೆ ಮಗುಚಿದ ಹಾಗೆ ಪಕ್ಕಕ್ಕೆ ತಿರುಗಿಸು. ನಮ್ಮ ದೇಶದ ನಾಣ್ಯದಲ್ಲಿ ಎರಡೂ ಮುಖ ನೆಟ್ಟಗೆ ನಿಲ್ಲಬೇಕು. ಅಮೆರಿಕದ್ದು ಹಾಗಲ್ಲ, ಅಲ್ಲಿ ಹಿಂದಿನ ಮುಖ ತಲೆಕೆಳಗಾಗಿರುವುದೇ ಸರಿ. ಯಂತ್ರದಲ್ಲಿ ಎರಡು ಅಚ್ಚುಗಳಿರುತ್ತವೆ. ಒಂದು ಸಡಿಲಾಗಿ ಜಾರಿದರೆ ಓರೆ ನಾಣ್ಯ ಬೀಳುತ್ತಲೇ ಹೋಗುತ್ತದೆ, ಯಾರಾದರೂ ನೋಡುವ ತನಕ. ಹತ್ತು-ಹದಿನೈದು ಡಿಗ್ರಿ ಓರೆ ಎಷ್ಟೋ ಸಿಗುತ್ತವೆ, ಅದಕ್ಕೆ ಐದು ರೂಪಾಯಿಗೆ ಐದೇ ರೂಪಾಯಿ. ಪೂರಾ ತಲೆಕೆಳಗಾಗಿದ್ದರೆ ಸಂಗ್ರಹಕಾರರು ಕೇಳುತ್ತಾರೆ. ಎಷ್ಟು ಓರೆ ಅಂತ ಗಡಿಯಾರದ ಮುಳ್ಳಿಗೆ ಹೋಲಿಸಿ ಹೇಳು.

ಪ್ರಶ್ನೆ, ಶಿರಸಿ: ನನ್ನ ಹತ್ತಿರ ಒಂದು ರೂಪಾಯಿ ಇದೆ. ಒಂದು ಕಡೆ ಸಿಂಹ. ಇನ್ನೊಂದು ಕಡೆಯೂ ಸಿಂಹವೇ, ಆದರೆ ಒಳಗೆ ತಗ್ಗಾಗಿ, ಉಲ್ಟಾ!

ಉತ್ತರ: ಇದೇ ನೋಡಿ ನನಗೆ ಇಷ್ಟವಾದ ಜಾತಿ. ಇದನ್ನು ಸಂಗ್ರಹಕಾರರು ‘ಲಖಿ’ ಅನ್ನುತ್ತಾರೆ. ಆಗುವುದು ಹೀಗೆ. ಅಚ್ಚಾದ ನಾಣ್ಯ ಹೊರಗೆ ಬೀಳದೆ ಒಂದು ಅಚ್ಚಿಗೇ ಕಚ್ಚಿಕೊಂಡಿತು. ಅಷ್ಟರಲ್ಲಿ ಇನ್ನೂ ಅಚ್ಚಾಗದ ಮುಂದಿನ ಬಿಲ್ಲೆ ಬಂತು. ಒಂದು ಬದಿಗೆ ಅಚ್ಚು ಬಿತ್ತು, ಸಿಂಹ ಉಬ್ಬಿ ಬಂತು. ಇನ್ನೊಂದು ಬದಿಗೆ ಅಚ್ಚಿನ ಬದಲು ಕಚ್ಚಿಕೊಂಡ ನಾಣ್ಯದ ಸಿಂಹವೇ ಒತ್ತಿತು. ಅದಕ್ಕೇ ಕನ್ನಡಿಯಲ್ಲಿ ಕಂಡ ಹಾಗೆ, ತಗ್ಗಾಗಿ ಮೂಡಿದೆ.

ಆದರೆ ಕುಣಿಯಬೇಡಿ. ಎರಡು ನಾಣ್ಯ ಜೋಡಿಸಿ, ತಿರುಪಿನ ಇಕ್ಕಳದಂಥ ವೈಸ್‌ನಲ್ಲಿ ಬಿಗಿದು ಇದನ್ನೇ ಮಾಡುವವರಿದ್ದಾರೆ. ಅಂಥದ್ದರಲ್ಲಿ ಮೊದಲಿದ್ದ ಅಂಕಿ ತಗ್ಗಿನ ಸುತ್ತ ಅರ್ಧಂಬರ್ಧ ಉಳಿದಿರುತ್ತದೆ. ಉಬ್ಬಿದ ಬದಿಯೂ ಒತ್ತಿ ಚಪ್ಪಟೆಯಾಗಿರುತ್ತದೆ. ನಿಜದ ಲಖಿಯಲ್ಲಿ ಉಬ್ಬಿದ ಮುಖ ಚೊಕ್ಕವಾಗಿರುತ್ತದೆ. ಭೂತಗನ್ನಡಿ ಹಿಡಿದು ನೋಡಿ, ಆಮೇಲೆ ಒಮ್ಮೆ ತಂದು ತೋರಿಸಿ. ಫೋಟೋದಲ್ಲಿ ತಗ್ಗೂ ಉಬ್ಬಿದ ಹಾಗೆ ಕಾಣುತ್ತದೆ. ನಾನೇ ಒಮ್ಮೆ ಮೋಸ ಹೋಗಿದ್ದೆ.

ಪ್ರಶ್ನೆ, ಕುಮಟಾ: ಇಸವಿಯ ಕೆಳಗೆ ನಕ್ಷತ್ರ ಇದೆ. ಇನ್ನೊಂದರಲ್ಲಿ ಏನೂ ಇಲ್ಲ. ಯಾವುದು ತಪ್ಪು?

ಉತ್ತರ: ಎರಡೂ ಸರಿ. ಅದು ನಾಣ್ಯ ಯಾವ ಟಂಕಸಾಲೆಯಲ್ಲಿ ಅಚ್ಚಾಯಿತು ಅಂತ ಹೇಳುವ ಗುರುತು. ನಕ್ಷತ್ರ ಹೈದರಾಬಾದ್, ವಜ್ರದ ಗುರುತು ಮುಂಬೈ, ದುಂಡು ಚುಕ್ಕೆ ನೋಯ್ಡಾ. ಗುರುತೇ ಇಲ್ಲದ್ದು ಕೋಲ್ಕತ್ತಾ ಟಂಕಸಾಲೆಯದ್ದು.

ಪ್ರಶ್ನೆ, ಅಂಕೋಲಾ: ಅಮ್ಮ ಮೀನು ಮಾರುತ್ತಾರೆ. ಅವರ ಚೀಲದಲ್ಲಿ ಒಂದು ಕಪ್ಪು ಐದು ರೂಪಾಯಿ ಸಿಕ್ಕಿತು. ಬೇರೆ ಲೋಹದ್ದಾ? ಇನ್ನೊಂದು, ಹತ್ತರ ನಾಣ್ಯದಲ್ಲಿ ಹದಿನೈದು ಗೆರೆ ಇದ್ದರೆ ಅಂಗಡಿಯವರು ತಗೊಳ್ಳೋದಿಲ್ಲ.

ಉತ್ತರ: ಕಪ್ಪಿಗೆ ಉಪ್ಪುನೀರೇ ಕಾರಣ ತಂಗಿ. ಸೇತುವೆ ಮೇಲಿಂದ ಹೊಳೆಗೆ ಎಸೆದ ಕಾಸು ಬಲೆಗೆ ಬಂದರೂ ಇದೇ ಬಣ್ಣ. ಟಂಕಸಾಲೆ ಬಿಟ್ಟ ಮೇಲೆ ಆದ ಗಾಯಕ್ಕೆ ಬೆಲೆ ಇಲ್ಲ. ಆಸಿಡ್ ತಿಂದದ್ದು, ರೈಲು ಹಳಿ ಮೇಲೆ ಇಟ್ಟು ಚಪ್ಪಟೆ ಮಾಡಿದ್ದು, ಎಲ್ಲಾ ಅದೇ ಲೆಕ್ಕ. ಹದಿನೈದು ಗೆರೆಯದ್ದು ರೂಪಾಯಿ ಚಿಹ್ನೆ ಬರುವ ಮೊದಲಿನ ಹತ್ತು. ನಾಣ್ಯದ ಮೇಲೆ ಚಿಹ್ನೆ ಬಂದದ್ದು 2011ರಲ್ಲಿ, ಆಗ ಬಂದದ್ದಕ್ಕೆ ಹತ್ತು ಗೆರೆ. ಹತ್ತರ ನಾಣ್ಯದ ಆಗಿನ 14 ವಿನ್ಯಾಸಗಳೂ ಚಲಾವಣೆಯವು ಅಂತ ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ. ಅಂಗಡಿಯವರಿಗೆ ಇದನ್ನೇ ತೋರಿಸಿ.

ಪ್ರಶ್ನೆ, ಹೊನ್ನಾವರ: ವೈಷ್ಣೋದೇವಿ ಚಿತ್ರದ ಐದು ರೂಪಾಯಿಗೆ ಐದು ಲಕ್ಷ ಕೊಡುತ್ತೇವೆ, ಮೊದಲು ಕಮಿಷನ್ ಕಟ್ಟಿ ಅಂತ ಫೋನ್ ಬಂತು.

ಉತ್ತರ: ಕಟ್ಟಬೇಡಿ! ಇಂಥ ಮೋಸದ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ. ಕೊಳ್ಳುವವನು ನಿಮಗೆ ದುಡ್ಡು ಕೊಡಬೇಕೋ, ನೀವು ಅವನಿಗೋ? ನಂಬರ್ ಬ್ಲಾಕ್ ಮಾಡಿ.

ಕೋಡಿಬಾಗದಿಂದ ಮತ್ತೆ: ಮಾವ, ನೀವು ಹೇಳಿದ ಹಾಗೆ ನೋಡಿದೆ. 5ರ ತಲೆ ಗಡಿಯಾರದ ಎರಡರ ಕಡೆಗಿದೆ. ಅಪ್ಪ ವಾಟೆಹುಳಿ ಹಚ್ಚಿ ತಿಕ್ಕು, ಫಳಫಳ ಆಗುತ್ತದೆ ಅಂತಿದ್ದಾರೆ.

ಉತ್ತರ: ಎರಡಕ್ಕೆ ಅಂದರೆ ಅರವತ್ತು ಡಿಗ್ರಿ, ಸಣ್ಣದಲ್ಲ. ಎತ್ತಿಡು. ವಾಟೆಹುಳಿ ತಾಮ್ರದ ಹಂಡೆಗೆ ಸಾಕು ಅಂತ ಅಪ್ಪನಿಗೆ ಹೇಳು. ತಿಕ್ಕಿದ ನಾಣ್ಯವನ್ನು ಯಾರೂ ಕೊಳ್ಳುವುದಿಲ್ಲ.