ಸಹಾಯ ಬೇಕು: ಎರಡು ಡ್ಯೂಟೆರಾನ್ ಸೇರಿ ಹೀಲಿಯಂ-4 ಆಗುವ ಲೆಕ್ಕ

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಎಂಎಸ್ಸಿ ಫಿಸಿಕ್ಸ್ ಓದುತ್ತಿದ್ದೇನೆ, ಪ್ರಾಜೆಕ್ಟ್ ಒಂದು ಕಡೆ ನಿಂತುಬಿಟ್ಟಿದೆ. ಎರಡು ಡ್ಯೂಟೆರಾನ್ (ಒಂದು ಪ್ರೋಟಾನ್, ಒಂದು ನ್ಯೂಟ್ರಾನ್ ಸೇರಿದ ನ್ಯೂಕ್ಲಿಯಸ್) ಡಿಕ್ಕಿಯಾದರೆ ಹೀಲಿಯಂ-3 ಜೊತೆ ನ್ಯೂಟ್ರಾನ್, ಇಲ್ಲವೇ ಟ್ರಿಟಿಯಂ ಜೊತೆ ಪ್ರೋಟಾನ್ ಬರುತ್ತದೆ, ಹೆಚ್ಚುಕಡಿಮೆ ಅರ್ಧರ್ಧ. ಮೂರನೇ ದಾರಿಯೂ ಇದೆ: ಎರಡೂ ಪೂರ್ತಿ ಸೇರಿ ಹೀಲಿಯಂ-4 ಆಗಿ, ಸುಮಾರು 23.8 ಎಂಇವಿ ಶಕ್ತಿಯ ಗಾಮಾ ಕಿರಣ ಬಿಡುವುದು. ಕೋಟಿಗೆ ಒಂದರಷ್ಟು ಅಪರೂಪ. ನನಗೆ ಬೇಕಿರುವುದು ಇದೇ.

ಎರಡೂ ಒಂದೇ ಥರದ ಕಣಗಳು, ಅದಕ್ಕೇ ಡೈಪೋಲ್ ಗಾಮಾಗೆ (ಗಾಮಾ ಹೊಮ್ಮುವ ಅತಿ ಸರಳ ಬಗೆ) ಜಾಗವಿಲ್ಲ, ಅದರ ಮುಂದಿನ ಬಗೆಯಾದ ಕ್ವಾಡ್ರುಪೋಲೇ ಆಗಬೇಕು. ಡಿ-ಅಲೆಯಿಂದ (ಎರಡು ಕಣಗಳ ನಡುವಿನ ಕೋನೀಯ ಆವೇಗ 2 ಇರುವ ಸ್ಥಿತಿ; ಎಸ್-ಅಲೆಯಲ್ಲಿ ಅದು 0) ಶುರು ಮಾಡಿ ಪೈಥಾನ್‌ನಲ್ಲಿ ಲೆಕ್ಕ ಹಾಕಿದರೆ, ಕಡಿಮೆ ಶಕ್ತಿಯ ಕಡೆ ಹೋದಂತೆ ಎಸ್-ಫ್ಯಾಕ್ಟರ್ (ವಿದ್ಯುತ್ ವಿಕರ್ಷಣೆಯ ಪರಿಣಾಮ ತೆಗೆದ ಮೇಲೆ ಉಳಿಯುವ, ಕ್ರಿಯೆ ನಡೆಯುವ ಸಾಧ್ಯತೆಯ ಅಳತೆ) ಗೆರೆ ಸರ್ರನೆ ಇಳಿಯುತ್ತದೆ. ಪ್ರಯೋಗದ ಚುಕ್ಕಿಗಳು ಅಲ್ಲಿ ಹೆಚ್ಚುಕಡಿಮೆ ಚಪ್ಪಟೆ! ಹೀಲಿಯಂ-4ರಲ್ಲಿ ಸ್ವಲ್ಪ ಡಿ-ಸ್ಥಿತಿ ಬೆರೆತಿರುವುದರಿಂದ ಎಸ್-ಅಲೆಯಿಂದಲೂ ಗಾಮಾ ಬರುತ್ತದೆ, ಆ ಅಲೆಗೆ ಕೇಂದ್ರಾಪಗಾಮಿ ತಡೆ ಇಲ್ಲವಲ್ಲ, ಅಷ್ಟು ಅರ್ಥವಾಗಿದೆ. ಆದರೆ ಅದನ್ನು ಎರಡು ಕಣಗಳ ಸರಳ ಮಾದರಿಯೊಳಗೆ ತರುವುದು ಹೇಗೆ? ಟೆನ್ಸರ್ ಬಲ (ಎಸ್ ಮತ್ತು ಡಿ ಸ್ಥಿತಿಗಳನ್ನು ಬೆರೆಸುವ, ಸ್ಪಿನ್‌ನ ದಿಕ್ಕನ್ನು ಅವಲಂಬಿಸಿದ ಬಲ) ಹಾಕಿ ಎರಡಕ್ಕೂ ಒಟ್ಟಿಗೆ ಜೋಡಿ ಸಮೀಕರಣ ಬಿಡಿಸಲೇಬೇಕಾ, ಅಥವಾ ಡಿ-ಭಾಗದ ಪ್ರಮಾಣವನ್ನು ಪ್ರಯೋಗದಿಂದ ತೆಗೆದುಕೊಂಡು ಸೇರಿಸಿದರೆ ಸಾಕಾ? ಸುಮ್ನೆ ಗೆರೆ ಕೂರಿಸುವುದು ನನಗೆ ಬೇಡ, ಕಾರಣ ತಿಳಿದು ಮಾಡಬೇಕು.

ಇಂಥ ಲೆಕ್ಕ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಹಾಸನ, ಬೇಲೂರು, ಚಿಕ್ಕಮಗಳೂರು ಕಡೆಯವರಾದರೆ ಲ್ಯಾಪ್‌ಟಾಪ್ ಹಿಡಿದು ನಾನೇ ಬರುತ್ತೇನೆ.