ಬಿಸಿಲಲ್ಲಿ ದುಡಿಯುವವರ ಉಪ್ಪು ಎಷ್ಟು ಹೋಗುತ್ತೆ? ರಕ್ತದ ಸೋಡಿಯಂ ಇಳಿಯುವುದೇಕೆ?

ಪ್ರಶ್ನೆ:
ರಾಯಚೂರು ಕಡೆಯ ಕಟ್ಟಡ ಕೆಲಸಗಾರರಿಗೆ ಬೇಸಿಗೆಯ ತಿಳಿವಳಿಕೆ ಚೀಟಿ ತಯಾರಾಗುತ್ತಿದೆ. ಆರು ತಾಸು ಬಿಸಿಲಲ್ಲಿ ದುಡಿದರೆ ಬೆವರಲ್ಲಿ ಎಷ್ಟು ಉಪ್ಪು ಹೋಗುತ್ತೆ? ಇನ್ನೊಂದು, ಊಟದಲ್ಲಿ ಉಪ್ಪು ಚೆನ್ನಾಗಿಯೇ ತಿನ್ನುವವರಿಗೂ ರಕ್ತದಲ್ಲಿ ಸೋಡಿಯಂ 128, 130 ಅಂತ ಬರುವುದೇಕೆ? ಕಿಡ್ನಿ ಅದನ್ನು ಹಿಡಿದಿಡಬೇಕಲ್ಲವೇ?

ಉತ್ತರ 1:
ಹಿಡಿದಿಡುತ್ತೆ, ಬಹಳ ಬಿಗಿಯಾಗಿಯೇ. ದಿನಕ್ಕೆ ಸುಮಾರು 180 ಲೀಟರ್ ದ್ರವ ಕಿಡ್ನಿಯಲ್ಲಿ ಸೋಸಿ ಇಳಿಯುತ್ತೆ. ಅದರಲ್ಲಿರುವ ಸೋಡಿಯಂ ಒಂದೂವರೆ ಕಿಲೋ ಅಡುಗೆ ಉಪ್ಪಿಗೆ ಸಮ! ಶೇ 99ಕ್ಕಿಂತ ಹೆಚ್ಚು ರಕ್ತಕ್ಕೆ ವಾಪಸ್. ಮೂರರಲ್ಲಿ ಎರಡು ಪಾಲು ಕಿಡ್ನಿಯ ಸಣ್ಣ ನಳಿಕೆಯ ಮೊದಲ ಭಾಗದಲ್ಲೇ, ಕಾಲು ಪಾಲು ಅದರ ಮುಂದಿನ ಬಾಗಿದ ಭಾಗವಾದ ಹೆನ್ಲೆ ಕುಣಿಕೆಯಲ್ಲಿ. ಕೊನೆಗೆ ಉಳಿಯುವ ಚೂರು ಅಲ್ಡೋಸ್ಟೆರಾನ್ ಎಂಬ, ಉಪ್ಪು ಹಿಡಿದಿಡುವ ಹಾರ್ಮೋನಿನ ಕೈಯಲ್ಲಿದೆ. ರಕ್ತದ ಪ್ರಮಾಣ ಇಳಿದರೆ ಕಿಡ್ನಿ ರೆನಿನ್ ಬಿಡುತ್ತೆ, ಅದರಿಂದ ಆಂಜಿಯೊಟೆನ್ಸಿನ್, ಅದರಿಂದ ಅಲ್ಡೋಸ್ಟೆರಾನ್. ಉಪ್ಪು ತೀರಾ ಕಡಿಮೆ ಮಾಡಿದ ಮೂರರಿಂದ ಐದು ದಿನದಲ್ಲಿ ಮೂತ್ರದ ಸೋಡಿಯಂ ಲೀಟರಿಗೆ 10 ಮಿಲಿಮೋಲ್‌ಗಿಂತ (ಸೋಡಿಯಂ ಅಳೆಯುವ ಮಾನ) ಕೆಳಗಿಳಿಯಬಲ್ಲದು.

ಬೆವರಿಗೆ ಅಂಥ ಬಿಗಿ ಇಲ್ಲ. ಗ್ರಂಥಿಯ ನಾಳವೂ ಸೋಡಿಯಂ ಹೀರಿಕೊಳ್ಳುತ್ತೆ, ಆದರೆ ಬೆವರು ಜೋರಾಗಿ ಹರಿದಾಗ ಹೀರಲು ಸಮಯವೇ ಸಿಗುವುದಿಲ್ಲ. ಲೀಟರಿಗೆ 20ರಿಂದ 80 ಮಿಲಿಮೋಲ್, ಆಳಿನಿಂದ ಆಳಿಗೆ ಅಷ್ಟು ವ್ಯತ್ಯಾಸ. ತಾಸಿಗೆ ಒಂದು ಲೀಟರ್‌ನಂತೆ ಆರು ಲೀಟರ್, ಸರಾಸರಿ 40 ಅಂತ ಹಿಡಿದರೆ 240 ಮಿಲಿಮೋಲ್. ಒಂದು ಗ್ರಾಂ ಉಪ್ಪಿಗೆ 17 ಮಿಲಿಮೋಲ್, ಅಂದರೆ ಸುಮಾರು 14 ಗ್ರಾಂ ಉಪ್ಪು. ಒಂದೆರಡು ವಾರ ಬಿಸಿಲಿಗೆ ಒಗ್ಗಿದವರಲ್ಲಿ ಅಲ್ಡೋಸ್ಟೆರಾನ್‌ನಿಂದಾಗಿ ಇದು ಸಾಕಷ್ಟು ಇಳಿಯುತ್ತೆ. ಹೊಸದಾಗಿ ಬಂದವರ ಮೊದಲ ವಾರವೇ ಅಪಾಯದ್ದು. ಚೀಟಿಯಲ್ಲಿ ಇದನ್ನು ದಪ್ಪಕ್ಷರದಲ್ಲಿ ಹಾಕಿ.

ಉತ್ತರ 2:
ಎರಡನೇ ಪ್ರಶ್ನೆಗೆ: ರಕ್ತದ ಸೋಡಿಯಂ ಲೀಟರಿಗೆ 135ರಿಂದ 145 ಮಿಲಿಮೋಲ್ ಇರಬೇಕು. ಆ ಅಂಕಿ ಮೈಯಲ್ಲಿ ಉಪ್ಪು ಎಷ್ಟಿದೆ ಅಂತ ಹೇಳುವುದಿಲ್ಲ, ನೀರಿನ ಪಕ್ಕ ಅದು ಎಷ್ಟಿದೆ ಅಂತ ಮಾತ್ರ ಹೇಳುತ್ತೆ. ನೀರನ್ನು ನೋಡಿಕೊಳ್ಳುವುದು ಎಡಿಎಚ್ ಎಂಬ ಬೇರೆ ಹಾರ್ಮೋನು. ಬೆವರಿ ರಕ್ತದ ಪ್ರಮಾಣ ಇಳಿದಾಗ, ನೋವು ಅಥವಾ ವಾಕರಿಕೆ ಇದ್ದಾಗ ಎಡಿಎಚ್ ಏರಿ ಮೂತ್ರ ಕಡಿಮೆಯಾಗುತ್ತೆ, ನೀರು ಮೈಯಲ್ಲೇ ಉಳಿಯುತ್ತೆ. ಆಗ ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿದರೆ ರಕ್ತ ತೆಳುವಾಗುತ್ತೆ. ಉಪ್ಪು ಎಷ್ಟು ತಿಂದಿದ್ದರೂ ಹೀಗಾಗಬಹುದು. ವಯಸ್ಸಾದವರಲ್ಲಿ ಬಿ.ಪಿ.ಗೆ ಕೊಡುವ, ಮೂತ್ರ ಹೆಚ್ಚಿಸುವ ಥಯಜೈಡ್ ಮಾತ್ರೆಯೂ ದೊಡ್ಡ ಕಾರಣ. ಸಕ್ಕರೆ ತುಂಬ ಏರಿದ್ದರೂ ಸೋಡಿಯಂ ಕಡಿಮೆ ಕಾಣುತ್ತೆ.

ಪತ್ತೆಗೆ ಸುಲಭ ಉಪಾಯ ತೂಕದ ಯಂತ್ರ. ಕೆಲಸಕ್ಕೆ ಮುಂಚೆ, ಆಮೇಲೆ ತೂಗಿ. ಒಂದು ಕಿಲೋ ಇಳಿದಿದ್ದರೆ ಸುಮಾರು ಒಂದು ಲೀಟರ್ ಕಡಿಮೆ ಕುಡಿದಂತೆ. ತೂಕ ಏರಿದ್ದರೆ ನೀರು ಹೆಚ್ಚಾಗಿದೆ, ಅದು ಇನ್ನೂ ಅಪಾಯ. ತಲೆನೋವು, ವಾಂತಿ, ತಡವರಿಸುವ ಮಾತು ಕಂಡರೆ ನೀರು ಕುಡಿಸುತ್ತಾ ಕೂರಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಬಹಳ ದಿನದಿಂದ ಸೋಡಿಯಂ ಇಳಿದಿದ್ದರೆ ಅಲ್ಲೂ ಅವಸರ ಮಾಡುವುದಿಲ್ಲ. 24 ತಾಸಿನಲ್ಲಿ 8-10 ಮಿಲಿಮೋಲ್‌ಗಿಂತ ಹೆಚ್ಚು ಏರಿಸಿದರೆ ಮಿದುಳಿನ ನರತಂತುಗಳ ಕವಚ ಹಾಳಾಗಬಹುದು.

ಉತ್ತರ 3:
ಕುಡಿಯುವುದಕ್ಕೆ ಒಂದು ಲೀಟರ್ ನೀರುಮಜ್ಜಿಗೆಗೆ ಅರ್ಧ ಚಹಾ ಚಮಚ ಪುಡಿ ಉಪ್ಪು, ಅಂದರೆ ಸುಮಾರು 3 ಗ್ರಾಂ, 50 ಮಿಲಿಮೋಲ್. ಕಲ್ಲುಪ್ಪನ್ನು ಚಮಚದಲ್ಲಿ ಅಳೆಯಬೇಡಿ, ಹರಳಿನ ಗಾತ್ರಕ್ಕೆ ತೂಕ ಬದಲಾಗುತ್ತೆ. ವಾಂತಿಭೇದಿ ಇದ್ದರೆ ಮಜ್ಜಿಗೆ ಸಾಲದು, ಓಆರ್‌ಎಸ್ ಬೇಕು. 2002ರಿಂದ ಡಬ್ಲ್ಯುಎಚ್ಒ ಸೂತ್ರದಲ್ಲಿ ಲೀಟರಿಗೆ ಸೋಡಿಯಂ 75, ಗ್ಲೂಕೋಸ್ 75 ಮಿಲಿಮೋಲ್. ಕರುಳಿನ ಗೋಡೆಯಲ್ಲಿ ಇವೆರಡೂ ಜೋಡಿಯಾಗಿ ಒಳಗೆ ಹೋಗುತ್ತವೆ, ನೀರು ಅವುಗಳ ಹಿಂದೆ ಹೋಗುತ್ತೆ. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿಯುವುದೇ ಹೆಚ್ಚಾಗಿ ಆಗುವ ತಪ್ಪು. ಆ ಗಟ್ಟಿ ದ್ರಾವಣ ಕರುಳಿನೊಳಕ್ಕೆ ಇನ್ನಷ್ಟು ನೀರು ಎಳೆದು ಭೇದಿ ಹೆಚ್ಚಿಸುತ್ತೆ.

ಹೃದಯ, ಕಿಡ್ನಿ ತೊಂದರೆ ಅಥವಾ ಬಿ.ಪಿ. ಇರುವವರು ವೈದ್ಯರನ್ನು ಕೇಳದೆ ಉಪ್ಪು ಏರಿಸಬಾರದು ಅಂತ ಚೀಟಿಯ ಕೊನೆಗೆ ಸೇರಿಸಿ. ಬಿಸಿಲಿನ ಕೆಲಸ ಇಲ್ಲದ ದಿನ ಎಲ್ಲರಿಗೂ ದಿನಕ್ಕೆ 5 ಗ್ರಾಂ ಉಪ್ಪಿನ ಮಿತಿಯೇ.